ಬೇಸಿಗೆಯ ತಾರಸಿ ಕುಂಡಗಳು: ದಾವಣಗೆರೆ ಬಿಸಿಲಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಮುಗಿದು ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯಲ್ಲಿ ಈ ಮಾತು ಶುರುವಾಗುತ್ತದೆ. ಹಾಲು ತರಲು ಹೋದಾಗ ಒಬ್ಬರು, ಸಂಜೆ ಮಂಡಕ್ಕಿ ಅಂಗಡಿ ಮುಂದೆ ಇನ್ನೊಬ್ಬರು, ಎಲ್ಲರದ್ದೂ ಗಿಡದ ಪುರಾಣವೇ. ನಾನು ಕೃಷಿ ಓದಿದವಳಲ್ಲ. ನಿಟುವಳ್ಳಿಯ ನಮ್ಮ ಮನೆ ತಾರಸಿ ಮೇಲೆ 40 ಕುಂಡ ಇಟ್ಟುಕೊಂಡು, ಮೊದಲ ಬೇಸಿಗೆಯಲ್ಲೇ ಅರ್ಧಕ್ಕರ್ಧ ಗಿಡ ಕೊಂದು, ಆಮೇಲೆ ಕಲಿತವಳು. ಕೇಳಿದವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ದಿನಾ ನೀರು ಹಾಕುತ್ತೇನೆ, ಆದರೂ ಗಿಡ ಬಾಡುತ್ತದೆ. ಯಾಕೆ?

ನೀವು ಎಲೆ ನೋಡುತ್ತಿದ್ದೀರಿ, ಕುಂಡ ನೋಡುತ್ತಿಲ್ಲ. ಮಧ್ಯಾಹ್ನ 2 ಗಂಟೆಗೆ ಮೇಲೆ ಹೋಗಿ ಕುಂಡದ ಪಕ್ಕಕ್ಕೆ ಅಂಗೈ ಇಟ್ಟು ನೋಡಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಒಳಗೆ ಬೇರು ಬೇಯುತ್ತಿದೆ ಅಂತಲೇ ಲೆಕ್ಕ.

ನೆಲದಲ್ಲಿರುವ ಗಿಡಕ್ಕೆ ಈ ಕಷ್ಟ ಇಲ್ಲ. ಮೇಲೆ ಎಷ್ಟೇ ಬಿಸಿಲಿದ್ದರೂ ಒಂದು ಅಡಿ ಕೆಳಗೆ ಮಣ್ಣು ತಂಪಾಗಿರುತ್ತದೆ. ಕುಂಡಕ್ಕೆ ನಾಲ್ಕೂ ಕಡೆಯಿಂದ ಬಿಸಿಲು, ಕೆಳಗಿನಿಂದ ಕಾದ ಕಾಂಕ್ರೀಟು. ಏಪ್ರಿಲ್‌ನಲ್ಲಿ ನಮ್ಮಲ್ಲಿ 38, 40 ಡಿಗ್ರಿ ಮುಟ್ಟಿದಾಗ ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಮಣ್ಣು ಗಾಳಿಗಿಂತ ಜಾಸ್ತಿ ಕಾದಿರುತ್ತದೆ. ಬೇರು ಅಷ್ಟು ಕಾದಾಗ ಮಣ್ಣಿನಲ್ಲಿ ನೀರಿದ್ದರೂ ಹೀರಿಕೊಳ್ಳಲು ಆಗುವುದಿಲ್ಲ, ಎಲೆ ಜೋಲುತ್ತದೆ, ನಾವು ಪಾಪ ಬಾಯಾರಿದೆ ಅಂತ ಇನ್ನೊಂದು ಚೊಂಬು ಸುರಿಯುತ್ತೇವೆ, ನಾಲ್ಕು ದಿನ ಹೀಗೆ ಮಾಡಿದರೆ ಬೇರು ಕೊಳೆತು ಗಿಡ ಹೋಗುತ್ತದೆ. ನನ್ನ ಮೊದಲ ವರ್ಷದ ಬದನೆ ಗಿಡಗಳೆಲ್ಲ ಹೀಗೇ ಹೋದವು, ಒಂದೂ ಬಾಯಾರಿ ಸಾಯಲಿಲ್ಲ.

ಹಾಗಾಗಿ ಬೇಸಿಗೆಯಲ್ಲಿ ಮೊದಲು ಕುಂಡ ತಂಪಾಗಿಡಬೇಕು. ನೀರು, ಗೊಬ್ಬರ, ಔಷಧಿ ಎಲ್ಲ ಆಮೇಲೆ.

ಯಾವ ಕುಂಡ ಒಳ್ಳೆಯದು? ಮಣ್ಣಿನದ್ದಾ, ಪ್ಲಾಸ್ಟಿಕ್ಕಾ?

ಮಣ್ಣಿನ ಕುಂಡ ಬೆವರುತ್ತದೆ. ಕುಡಿಯುವ ನೀರಿನ ಗಡಿಗೆ ತಣ್ಣಗಿರುವ ಹಾಗೆಯೇ ಒಳಗಿನ ಬೇರೂ ತಣ್ಣಗಿರುತ್ತದೆ. ಆದರೆ ಅದಕ್ಕೆ ನೀರು ಜಾಸ್ತಿ ಬೇಕು, ಭಾರವೂ ಜಾಸ್ತಿ. ಪ್ಲಾಸ್ಟಿಕ್ಕು ನೀರು ಉಳಿಸುತ್ತದೆ, ಆದರೆ ಬೇಗ ಬಿಸಿಯಾಗುತ್ತದೆ. ಕಪ್ಪು ಬಣ್ಣದ್ದನ್ನು ಮಾತ್ರ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಹೊರಗಡೆ ಸುಣ್ಣ ಬಳಿಯಿರಿ, ಅಥವಾ ಹಳೇ ಗೋಣಿಚೀಲ ಸುತ್ತಿ.

ನನಗೆ ಇಷ್ಟವಾದದ್ದು 20 ಲೀಟರಿನ ಬಿಳಿ ಪೇಂಟ್ ಬಕೆಟ್. ಪೇಂಟ್ ಕೆಲಸದವರ ಹತ್ತಿರ ಕಡಿಮೆ ಬೆಲೆಗೆ ಸಿಗುತ್ತದೆ. ಚೆನ್ನಾಗಿ ತೊಳೆದು, ತಳದಲ್ಲಿ ಬೆರಳು ಹೋಗುವಷ್ಟು ದೊಡ್ಡ ತೂತು ಐದಾರು ಮಾಡಿ. ಒಂದೇ ತೂತು ಸಾಲದು, ಬೇರು ಹೋಗಿ ಮುಚ್ಚಿಕೊಳ್ಳುತ್ತದೆ.

ಇನ್ನೊಂದು ಉಪಾಯ ಇದೆ, ಇದು ನಮ್ಮೂರಿಗೆ ಹೇಳಿ ಮಾಡಿಸಿದ್ದು. ಒಡೆದ ದೊಡ್ಡ ಬಕೆಟ್ ಒಳಗೆ ಗಿಡದ ಕುಂಡ ಇಟ್ಟು, ನಡುವಿನ ಸಂದಿಗೆ ಭತ್ತದ ಹೊಟ್ಟು ತುಂಬಿ. ರೈಸ್ ಮಿಲ್ ಇರುವ ಊರಿನಲ್ಲಿ ಹೊಟ್ಟಿಗೇನು ಬರವೇ? ಬಿಸಿಲು ಹೊರಗಿನ ಬಕೆಟ್ಟಿಗೆ ಬೀಳುತ್ತದೆ, ಒಳಗಿನದ್ದು ನೆರಳಿನಲ್ಲಿರುತ್ತದೆ. ಹೊರಗಿನದಕ್ಕೂ ತಳದಲ್ಲಿ ತೂತಿರಲಿ.

ಅಳತೆಯ ಬಗ್ಗೆ ಜಿಪುಣತನ ಬೇಡ. ತರಕಾರಿಗೆ 12 ಇಂಚಿಗಿಂತ ಚಿಕ್ಕ ಕುಂಡ ಬೇಸಿಗೆಯಲ್ಲಿ ಸುಮ್ನೆ ತಲೆನೋವು. 6 ಇಂಚಿನದ್ದು ಬೆಳಗ್ಗೆ ನೀರು ಕುಡಿದು ಮಧ್ಯಾಹ್ನಕ್ಕೆಲ್ಲ ಒಣಗಿರುತ್ತದೆ. ಹತ್ತು ಚಿಕ್ಕ ಕುಂಡಕ್ಕಿಂತ ನಾಲ್ಕು ದೊಡ್ಡವು ಮೇಲು.

ತಾರಸಿ ಭಾರ ತಡೆಯುತ್ತದಾ?

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ, ಮೊದಲು ಕೇಳಬೇಕು. ನಮ್ಮ ದೇಶದ ಕಟ್ಟಡದ ನಿಯಮದ ಪ್ರಕಾರ ಓಡಾಡುವ ತಾರಸಿಯನ್ನು ಒಂದು ಚದರ ಮೀಟರಿಗೆ ಸುಮಾರು 150 ಕೆಜಿ ಭಾರದ ಲೆಕ್ಕದಲ್ಲಿ ಕಟ್ಟುತ್ತಾರೆ. 12 ಇಂಚು ಅಗಲ, 12 ಇಂಚು ಎತ್ತರದ ಒಂದು ಗ್ರೋ ಬ್ಯಾಗಿಗೆ (ಗಿಡ ಬೆಳೆಸುವ ಚೀಲ) ಸುಮಾರು 22 ಲೀಟರ್ ಮಣ್ಣು ಹಿಡಿಸುತ್ತದೆ. ಬರೀ ಹೊಲದ ಮಣ್ಣು ತುಂಬಿ ನೀರು ಹಾಕಿದರೆ ಅದು 35 ಕೆಜಿ ದಾಟುತ್ತದೆ. ಒಂದು ಚದರ ಮೀಟರಿನಲ್ಲಿ ಅಂಥವು ಒಂಬತ್ತು ಒತ್ತೊತ್ತಾಗಿ ಇಟ್ಟರೆ 300 ಕೆಜಿ ಮೇಲಾಯಿತು. ಲೆಕ್ಕ ನೀವೇ ಹಾಕಿ.

ಅದಕ್ಕೇ ಭಾರದ ಕುಂಡಗಳನ್ನು ಕೆಳಗೆ ಗೋಡೆ ಅಥವಾ ಬೀಮ್ ಇರುವ ಜಾಗದ ಮೇಲೆ ಸಾಲಾಗಿ ಇಡಿ, ಮಧ್ಯ ಖಾಲಿ ಬಿಡಿ. ಹಳೇ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ್ದು) ಅಥವಾ ಮಣ್ಣಿನ ಮಾಳಿಗೆ ಮನೆಯಾದರೆ ಇಂಜಿನಿಯರಿಗೆ ತೋರಿಸದೆ ಒಂದು ಕುಂಡವನ್ನೂ ಮೇಲೆ ಹತ್ತಿಸಬೇಡಿ.

ಮಣ್ಣು ಹೇಗೆ ಕಲಸಬೇಕು?

ದಾವಣಗೆರೆ ಸುತ್ತ ಎರೆ ಮಣ್ಣು ಸುಲಭವಾಗಿ ಸಿಗುತ್ತದೆ ಅಂತ ಅದನ್ನೇ ತುಂಬಬೇಡಿ. ಕುಂಡದಲ್ಲಿ ಅದು ಒಣಗಿದರೆ ಕಲ್ಲು, ನೆನೆದರೆ ಕೆಸರು. ಚಿತ್ರದುರ್ಗದ ಕಡೆಯ ಕೆಂಪು ಮಣ್ಣು ಸಿಕ್ಕರೆ ಒಳ್ಳೆಯದು.

ನನ್ನ ಅಳತೆ ಹೀಗೆ: ಕೆಂಪು ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಒಂದು, ನೆನೆಸಿ ಹಿಂಡಿದ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಒಂದೂವರೆ, ಸುಟ್ಟು ಕಪ್ಪಾದ ಭತ್ತದ ಹೊಟ್ಟು ಒಂದು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಕರಿ ಹೊಟ್ಟು ಮಂಡಕ್ಕಿ ಭಟ್ಟಿಗಳ ಹತ್ತಿರ ಸಿಗುತ್ತದೆ, ಕೇಳಿದರೆ ಕೊಡುತ್ತಾರೆ. ಆದರೆ ಕರಿ ಹೊಟ್ಟೇ ಬೇರೆ, ಬಿಳಿ ಬೂದಿಯೇ ಬೇರೆ. ಬೂದಿ ಬುಟ್ಟಿಗಟ್ಟಲೆ ಹಾಕಿದರೆ ಮಣ್ಣು ಕ್ಷಾರವಾಗುತ್ತದೆ. ಹಸಿ ಹೊಟ್ಟನ್ನೂ ಮಣ್ಣಿನೊಳಗೆ ಕಲಸಬೇಡಿ, ಅದು ಕೊಳೆಯುವಾಗ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾನೇ ತಿನ್ನುತ್ತದೆ, ಎಲೆ ಹಳದಿಯಾಗುತ್ತದೆ.

ಕೋಕೋಪಿಟ್ ಇಟ್ಟಿಗೆಯನ್ನು ಒಂದೆರಡು ಸಲ ನೀರಿನಲ್ಲಿ ತೊಳೆದು ಹಿಂಡಿ, ಉಪ್ಪು ಹೋಗಲಿ.

ಕುಂಡಗಳನ್ನು ಎಲ್ಲಿ, ಹೇಗೆ ಜೋಡಿಸಲಿ?

ಬೆಳಗಿನ ಬಿಸಿಲು ಬೇಕು, ಸಂಜೆ ಬಿಸಿಲು ಬೇಡ. ಇಷ್ಟು ನೆನಪಿಟ್ಟುಕೊಂಡರೆ ಜೋಡಣೆ ತಾನಾಗಿಯೇ ಹೊಳೆಯುತ್ತದೆ. ಪಡುವಣ ಕಡೆಗೆ ಬಿಸಿಲಿಗೆ ಜಗ್ಗದ ಎತ್ತರದ ಗಿಡ ಅಥವಾ ಬಳ್ಳಿ ಬರಲಿ. ನಾನು ಪಡುವಣ ಪ್ಯಾರಾಪೆಟ್ ಉದ್ದಕ್ಕೂ ದೊಡ್ಡ ಬಕೆಟ್‌ಗಳಲ್ಲಿ ಹೀರೆ ಹಾಕಿ, ಎರಡು ಪೈಪು ನಿಲ್ಲಿಸಿ, ನೈಲಾನ್ ಬಲೆಗೆ ಹಬ್ಬಿಸಿದ್ದೇನೆ. ಮೂರು ಗಂಟೆ ನಂತರ ಆ ಬಳ್ಳಿಯ ನೆರಳು ಹಿಂದಿನ ಎರಡು ಸಾಲಿಗೆ ಬೀಳುತ್ತದೆ. ಕಾಯಿಗೆ ಕಾಯಿ, ಪರದೆಗೆ ಪರದೆ. ಅದರ ಹಿಂದೆ ಬದನೆ, ಮೆಣಸಿನಕಾಯಿ. ಅದರ ಹಿಂದೆ, ಮೆಟ್ಟಿಲಿನ ಕೋಣೆಯ ನೆರಳಿಗೆ ಸೊಪ್ಪು, ಪುದೀನ, ದೊಡ್ಡಪತ್ರೆ.

ಕುಂಡಗಳನ್ನು ಚೆಂದಕ್ಕೆ ಅಂತ ಒಂದೊಂದು ಮಾರು ದೂರ ಇಡುವವರಿದ್ದಾರೆ. ಚಳಿಗಾಲದಲ್ಲಿ ಇಡಿ, ಬೇಡ ಅನ್ನುವುದಿಲ್ಲ. ಬೇಸಿಗೆಯಲ್ಲಿ ಬಸ್ಸಿನಲ್ಲಿ ಕೂತ ಹಾಗೆ ಒತ್ತೊತ್ತಾಗಿರಲಿ, ಒಂದರ ನೆರಳು ಇನ್ನೊಂದರ ಮೈಮೇಲೆ ಬೀಳಲಿ. ಬೀಮ್ ಮೇಲೆ ಸಾಲು ಮಾಡಿದರೆ ಭಾರದ ಭಯವೂ ಕಡಿಮೆ. ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ನೆಲದಿಂದ ಎತ್ತಿ. ಕಾದ ಕಾಂಕ್ರೀಟು ತಳಕ್ಕೆ ತಾಗಬಾರದು, ನೀರೂ ಬಸಿದು ಹೋಗಬೇಕು, ತಾರಸಿಗೂ ಪಾಚಿ ಕಟ್ಟುವುದಿಲ್ಲ.

ಒಂದೇ ದೊಡ್ಡ ಕುಂಡದಲ್ಲಿ ಮೂರ್ನಾಲ್ಕು ಗಿಡ ಸೇರಿಸಿ ಚೆಂದ ಮಾಡಬಹುದಾ?

ಮಾಡಬಹುದು. ಮಧ್ಯಕ್ಕೆ ಎತ್ತರದ್ದು ಒಂದು, ಸುತ್ತ ಮೈತುಂಬಿ ಬೆಳೆಯುವುದು, ಅಂಚಿಗೆ ಕೆಳಗೆ ಇಳಿಬೀಳುವುದು. ಆದರೆ ಬಣ್ಣ ನೋಡುವ ಮೊದಲು ಬಾಯಾರಿಕೆ ನೋಡಿ. ನೀರು ಕುಡುಕ ಗಿಡವನ್ನೂ ನೀರು ಬೇಡದ ಗಿಡವನ್ನೂ ಒಂದೇ ಮನೆಯಲ್ಲಿ ಇಟ್ಟರೆ ಯಾವುದೋ ಒಂದು ಸಾಯುತ್ತದೆ.

ನೀರು ಕಡಿಮೆ ಬೇಡುವ ಜೋಡಿ: ಮಧ್ಯೆ ಕಾಗದದ ಹೂವಿನ ಗಿಡ, ಸುತ್ತ ನಿತ್ಯಪುಷ್ಪ, ಅಂಚಿಗೆ ಟೇಬಲ್ ರೋಸ್. ಈ ಮೂರೂ ಸುಡುಬಿಸಿಲಿನಲ್ಲೇ ಜಾಸ್ತಿ ಹೂ ಬಿಡುತ್ತವೆ, ನೋಡಿದವರು ನಿಮಗೆ ಕೈಗುಣ ಇದೆ ಅಂತಾರೆ, ನೀವು ಸುಮ್ಮನಿರಿ. ನೀರು ಕುಡಿಯುವ ಜೋಡಿ: ಮಧ್ಯೆ ಬದನೆ, ಸುತ್ತ ದಂಟಿನ ಸೊಪ್ಪು, ಅಂಚಿನಿಂದ ಇಳಿಬಿಟ್ಟ ಬಸಳೆ. ಇದು ಅಡುಗೆಗೂ ಆಯಿತು. ಪುದೀನಾವನ್ನು ಮಾತ್ರ ಯಾರ ಜೊತೆಗೂ ಹಾಕಬೇಡಿ, ಅದು ಇಡೀ ಕುಂಡವನ್ನೇ ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ.

ಹೂ ಬೇಕೆಂದರೆ ಕನಕಾಂಬರ, ದುಂಡುಮಲ್ಲಿಗೆ, ದಾಸವಾಳ, ಜೀನಿಯಾ ನಮ್ಮ ಬೇಸಿಗೆಗೆ ಬಗ್ಗುವುದಿಲ್ಲ. ಕಣಗಲೆಯೂ ಅಷ್ಟೇ ಗಟ್ಟಿ, ಆದರೆ ಅದು ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ನರ್ಸರಿಯಲ್ಲಿ ಅರಳಿ ನಿಂತ ಪೆಟೂನಿಯಾ ನೋಡಿ ಮಾರ್ಚ್‌ನಲ್ಲಿ ಮರುಳಾಗಬೇಡಿ. ಅದು ಚಳಿಗಾಲದ್ದು, ಏಪ್ರಿಲ್ ದಾಟುವುದು ಕಷ್ಟ.

ಈಗ ಯಾವ ತರಕಾರಿ ಹಾಕಲಿ?

ಬೆಂಡೆ. ಕಣ್ಣು ಮುಚ್ಚಿ ಹಾಕಿ. ಬೀಜ ರಾತ್ರಿ ನೆನೆಸಿ, ಬೆಳಗ್ಗೆ ಊರಿ, 45, 50 ದಿನಕ್ಕೆ ಮೊದಲ ಕಾಯಿ ಕೊಯ್ಯಬಹುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಹಳದಿ ನಂಜು ರೋಗವನ್ನು ತಡೆಯಲೆಂದೇ ಬೆಳೆಸಿದ್ದು, ನನಗೆ ಅದೇ ಹಿಡಿಸಿದೆ. ಒಂದು ಕುಂಡಕ್ಕೆ ಒಂದೇ ಗಿಡ, ಮನೆಗೆ ಕನಿಷ್ಠ ಆರು ಕುಂಡ. ಎರಡೇ ಗಿಡ ಹಾಕಿದರೆ ದಿನಕ್ಕೊಂದು ಕಾಯಿ ಸಿಕ್ಕಿ ಅದನ್ನು ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಆಮೇಲೆ ಚವಳಿಕಾಯಿ, ಬೇರೆ ಕಡೆ ಗೋರಿಕಾಯಿ ಅಂತಾರಲ್ಲ, ಅದು. ಬರದ ನಾಡಿನ ಗಿಡ, ನೀವು ಎರಡು ದಿನ ಮರೆತರೂ ಕ್ಷಮಿಸುತ್ತದೆ. ಅಲಸಂದೆ, ಹೀರೆ, ಹಾಗಲ, ಬಸಳೆ ಎಲ್ಲಾ ಬಿಸಿಲಿಗೆ ಹಿಗ್ಗುವವೇ. ದಂಟು, ರಾಜಗಿರಿ ಬಿತ್ತಿದರೆ 25, 30 ದಿನಕ್ಕೆ ಸಾರಿಗೆ ಸೊಪ್ಪು.

ಕೊತ್ತಂಬರಿ ಪೂರ್ತಿ ನೆರಳಿಲ್ಲದೆ ಬೇಡ. ಬಿಸಿ ತಾಗಿದ ತಕ್ಷಣ ಎಲೆ ಬಿಟ್ಟು ಹೂ ಹಿಡಿಯುತ್ತದೆ. ಕ್ಯಾರೆಟ್, ಎಲೆಕೋಸು, ಹೂಕೋಸು ದೀಪಾವಳಿ ಹೊತ್ತಿಗೆ ನೋಡೋಣ.

ಟೊಮೆಟೊ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಏನು ಹೊಡೆಯಲಿ?

ಏನೂ ಹೊಡೆಯಬೇಡಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಲಸ ಮಾಡುವುದಿಲ್ಲ, ಹೂ ಉದುರುತ್ತದೆ. ಗಿಡಕ್ಕೆ ರೋಗ ಬಂದಿಲ್ಲ. ಗಿಡ ಗಟ್ಟಿಯಾಗಿದ್ದರೆ ತುದಿ ಸ್ವಲ್ಪ ಕತ್ತರಿಸಿ, ನೆರಳಿಗೆ ತಂದು ಬದುಕಿಸಿಕೊಳ್ಳಿ. ಮಳೆ ಬಿದ್ದು ತಂಪಾದ ಮೇಲೆ ಮತ್ತೆ ಕಾಯಿ ಕಟ್ಟುತ್ತದೆ.

ನೀರು ದಿನಕ್ಕೆ ಎಷ್ಟು ಸಲ, ಎಷ್ಟು?

ಬೆಳಗ್ಗೆ 7ರ ಒಳಗೆ ಒಂದು ಸಲ, ತಳದ ತೂತಿನಿಂದ ನೀರು ಬರುವ ತನಕ. ಏಪ್ರಿಲ್, ಮೇನಲ್ಲಿ ದೊಡ್ಡ ಗಿಡಗಳಿಗೆ ಬಿಸಿಲು ಇಳಿದ ಮೇಲೆ ಇನ್ನೊಂದು ಸಲ ಬೇಕಾಗಬಹುದು. ನನ್ನ ಅನುಭವದಲ್ಲಿ 12 ಇಂಚಿನ ಕುಂಡದ ಬೆಳೆದ ಗಿಡ ದಿನಕ್ಕೆ ಒಂದರಿಂದ ಎರಡು ಲೀಟರ್ ಕುಡಿಯುತ್ತದೆ. 40 ಕುಂಡಕ್ಕೆ ಹೆಚ್ಚುಕಡಿಮೆ ನಾಲ್ಕು ಕೊಡ ಆಯಿತು.

ಆದರೆ ಲೆಕ್ಕಕ್ಕಿಂತ ಬೆರಳು ಸರಿ. ಎರಡು ಗೆಣ್ಣು ಒಳಗೆ ಚುಚ್ಚಿ, ತಂಪಾಗಿದ್ದರೆ ಹಾಕಬೇಡಿ. ಮಧ್ಯಾಹ್ನ ಜೋತುಬಿದ್ದ ಎಲೆ ಸಂಜೆ ಆರಕ್ಕೆ ತಾನೇ ಎದ್ದು ನಿಂತರೆ ಅದಕ್ಕೆ ನೀರಿನ ಕೊರತೆ ಇಲ್ಲ. ಬೆಳಗ್ಗೆಯೂ ಜೋತುಬಿದ್ದಿದ್ದರೆ ಗಮನ ಕೊಡಿ.

ಮಧ್ಯಾಹ್ನ ಪೈಪಿನಿಂದ ನೇರವಾಗಿ ಮಾತ್ರ ಹಾಕಬೇಡಿ. ಬಿಸಿಲಿನಲ್ಲಿ ಬಿದ್ದ ಪೈಪಿನೊಳಗಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ. ಒಮ್ಮೆ ನಮ್ಮ ಅತ್ತೆ ಒಳ್ಳೇ ಮನಸ್ಸಿನಿಂದ ಎರಡು ಗಂಟೆಗೆ ಮೆಣಸಿನ ಸಸಿಗಳಿಗೆ ಹಾಗೆ ಹಾಕಿದರು, ಸಂಜೆಗೆ ಎಲ್ಲ ಬೆಂದ ಸೊಪ್ಪು. ನಾನು ಏನೂ ಅನ್ನಲಿಲ್ಲ. ಅಂದರೆ, ಜಾಸ್ತಿ ಅನ್ನಲಿಲ್ಲ.

ಇನ್ನೊಂದು ಮೋಸ ಇದೆ. ಮಣ್ಣು ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಆಗ ಹಾಕಿದ ನೀರು ಪಕ್ಕದ ಸಂದಿಯಲ್ಲೇ ಇಳಿದು ತಳದಿಂದ ಹೊರಗೆ ಬರುತ್ತದೆ, ನಾವು ತುಂಬಿತು ಅಂದುಕೊಳ್ಳುತ್ತೇವೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಅಂಥ ಕುಂಡವನ್ನು ಅರ್ಧ ಗಂಟೆ ನೀರು ತುಂಬಿದ ಟಬ್ಬಿನಲ್ಲಿ ಕೂರಿಸಿ.

ನಲ್ಲಿ ನೀರು ದಿನಾ ಬರುವುದಿಲ್ಲ. ಗಿಡಕ್ಕೆ ಎಲ್ಲಿಂದ ತರಲಿ?

ನಿಜ. ನಮ್ಮೂರಿನವರು ಕುಡಿಯುವ ನೀರಿಗೆ ಕುಂದವಾಡ ಕೆರೆಯ ಕಡೆ ನೋಡುತ್ತೇವೆ, ಕೆರೆ ಭದ್ರಾ ನಾಲೆಯ ಕಡೆ ನೋಡುತ್ತದೆ. ಬೇಸಿಗೆಯಲ್ಲಿ ಗಿಡಕ್ಕೆ ಕೊಡಗಟ್ಟಲೆ ಸುರಿಯಲು ಮನಸ್ಸು ಬರುವುದಿಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿಗೆ ಹಿಡಿಯಿರಿ, ಅವತ್ತೇ ಹಾಕಿ, ಇಟ್ಟರೆ ನಾರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಗಿಡಕ್ಕೆ ತುಂಬಾ ಒಳ್ಳೆಯದು, ಅದರಲ್ಲಿ ಲವಣವೇ ಇಲ್ಲ. ಬಟ್ಟೆ ಒಗೆದ ಸೋಪಿನ ನೀರು ಬೇಡ.

ಬೋರ್‌ವೆಲ್ ನೀರು ಹಾಕುವವರ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿರುತ್ತದೆ, ಎಲೆಯ ತುದಿ ಸುಟ್ಟ ಹಾಗಿರುತ್ತದೆ. ಅದು ಉಪ್ಪು. ಕುಡಿಯುವ ನೀರಿನ ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರಿನಲ್ಲಿ ಅದು ಇನ್ನೂ ಜಾಸ್ತಿ. ಅದನ್ನೇ ದಿನಾ ಹಾಕಬೇಡಿ, ಬೇರೆ ನೀರಿನ ಜೊತೆ ಬೆರೆಸಿ ಯಾವಾಗಲಾದರೂ ಒಮ್ಮೆ ಹಾಕಿ. ಮೊದಲ ಜೋರು ಮಳೆಗೆ ಕುಂಡಗಳನ್ನು ಚೆನ್ನಾಗಿ ನೆನೆಯಲು ಬಿಟ್ಟರೆ ಕೂತ ಉಪ್ಪು ತೊಳೆದುಹೋಗುತ್ತದೆ.

ದೊಡ್ಡ ಕುಂಡಗಳಿಗೆ ನನ್ನದೊಂದು ಹಳೇ ಉಪಾಯ ಇದೆ. ಬಣ್ಣ ಬಳಿಯದ ಮಣ್ಣಿನ ಕುಡಿಕೆಯನ್ನು ಕುತ್ತಿಗೆ ತನಕ ಗಿಡದ ಪಕ್ಕ ಹೂತು, ನೀರು ತುಂಬಿ, ಬಾಯಿಗೆ ಕಲ್ಲು ಮುಚ್ಚಿ. ನೀರು ಗೋಡೆಯಿಂದ ನಿಧಾನ ಜಿನುಗುತ್ತದೆ, ಬೇರು ಹುಡುಕಿಕೊಂಡು ಬಂದು ಕುಡಿಕೆಯನ್ನೇ ತಬ್ಬಿಕೊಳ್ಳುತ್ತದೆ.

ಶೇಡ್ ನೆಟ್ ಕಟ್ಟಲೇಬೇಕಾ?

ಕಾಗದದ ಹೂವಿಗೆ, ಬೆಂಡೆಗೆ, ಚವಳಿಗೆ ಬೇಡ. ಸೊಪ್ಪು, ಮೆಣಸಿನಕಾಯಿ, ಸಸಿಗಳಿಗೆ ಬೇಕು. ಬಿಸಿಲನ್ನು ಅರ್ಧ ತಡೆಯುವ 50 ಪರ್ಸೆಂಟಿನ ಬಲೆ ಸಾಕು. 75ರದ್ದು ಹಾಕಿದರೆ ಗಿಡ ಬೆಳಕಿಗಾಗಿ ಸೊರಗಿ ಉದ್ದವಾಗುತ್ತದೆ. ತಲೆಗಿಂತ ಎತ್ತರಕ್ಕೆ ಕಟ್ಟಿ, ಗಾಳಿ ಆಡಲಿ.

ಕಟ್ಟುವಾಗ ಗಟ್ಟಿಯಾಗಿ ಕಟ್ಟಿ. ಒಂದು ಮೇ ಸಂಜೆ ಮಳೆಗೆ ಮುಂಚಿನ ಗಾಳಿಗೆ ನನ್ನ ಬಲೆ ಪೈಪಿನ ಸಮೇತ ಹಾರಿ ಪಕ್ಕದ ಮನೆಯವರ ಹಪ್ಪಳದ ಮೇಲೆ ಬಿತ್ತು. ಹಪ್ಪಳದ ಸಮಾಧಾನಕ್ಕೆ ಎರಡು ತಿಂಗಳು ಬೆಂಡೆಕಾಯಿ ಕೊಟ್ಟೆ. ಈಗ ಒಂದು ಬದಿ ಬಿಚ್ಚುವ ಹಾಗೆ ಕೊಕ್ಕೆ ಹಾಕಿದ್ದೇನೆ, ಮೋಡ ಕಪ್ಪಾದರೆ ಸುತ್ತಿಡುತ್ತೇನೆ. ಬಲೆಗೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಹಳೇ ಬಿಳಿ ಪಂಚೆಯೂ ನಡೆಯುತ್ತದೆ.

ಮಣ್ಣಿನ ಮೇಲೆ ಏನು ಮುಚ್ಚಲಿ?

ಒಣಗಿದ ಎಲೆ, ತೆಂಗಿನ ನಾರು, ಮೆಕ್ಕೆಜೋಳದ ತೆನೆ ಸಿಪ್ಪೆ, ಚನ್ನಗಿರಿ ಕಡೆ ನೆಂಟರಿದ್ದರೆ ಅಡಿಕೆ ಸಿಪ್ಪೆ. ಎರಡು ಇಂಚು ದಪ್ಪ ಇರಲಿ, ಕಾಂಡಕ್ಕೆ ತಾಗದಿರಲಿ. ಭತ್ತದ ಹೊಟ್ಟಾದರೆ ಹಾಕಿದ ತಕ್ಷಣ ನೀರು ಚಿಮುಕಿಸಿ, ಇಲ್ಲದಿದ್ದರೆ ಗಾಳಿಗೆ ಬೀದಿಯೆಲ್ಲಾ ಹೊಟ್ಟು. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆ ತಂದಿದ್ದೆ, ಅದರ ಹಿಂದೆಯೇ ಇರುವೆ ಬಂತು, ವಾಪಸ್ಸು ಹೋಗಲಿಲ್ಲ.

ಗೊಬ್ಬರ?

ಬಿಸಿಲು ಏರಿದಾಗ ಕೈ ಬಿಗಿಹಿಡಿಯಿರಿ. ಬಾಡಿದ ಗಿಡಕ್ಕೆ ಶಕ್ತಿ ಬರಲಿ ಅಂತ ಯೂರಿಯಾ ಹಾಕುವುದೆಂದರೆ ಜ್ವರ ಬಂದವರಿಗೆ ಹೋಳಿಗೆ ಊಟ ಬಡಿಸಿದ ಹಾಗೆ. 15 ದಿನಕ್ಕೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಕಾಯಿ ಬಿಡುವ ಗಿಡಕ್ಕೆ ಶೇಂಗಾ ಹಿಂಡಿ ಮೂರು ದಿನ ನೆನೆಸಿ, ಆ ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ, ಸಂಜೆ, ಒದ್ದೆ ಮಣ್ಣಿಗೆ ಹಾಕಿ. ಚಳ್ಳಕೆರೆ ಎಣ್ಣೆ ಗಾಣಗಳ ಊರು, ಆ ಕಡೆ ಹೋದವರ ಹತ್ತಿರ ಹಿಂಡಿ ತರಿಸಿ. ನಾರುತ್ತದೆ, ಮುಚ್ಚಳ ಹಾಕಿಡಿ.

ದಾಸವಾಳದ ತುದಿಗೆ ಬಿಳಿ ಹತ್ತಿಯಂಥದ್ದು ಕಟ್ಟಿದೆ.

ಹಿಟ್ಟು ತಿಗಣೆ. ಮೊದಲು ಜೋರು ನೀರು ಹೊಡೆದು ಉದುರಿಸಿ, ತೀರಾ ಹತ್ತಿದ ತುದಿ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಎಲೆ ಅಡಿಗೂ ಸಿಂಪಡಿಸಿ. ಸಂಜೆಯೇ ಮಾಡಿ, ಬಿಸಿಲಿನಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆ ಮೂರು ಸಲ. ಇರುವೆ ಓಡಾಟವನ್ನೂ ನಿಲ್ಲಿಸಬೇಕು, ಈ ತಿಗಣೆಯನ್ನು ಗಿಡದಿಂದ ಗಿಡಕ್ಕೆ ಹೊತ್ತು ಸಾಕುವುದು ಇರುವೆಗಳೇ.

ಎಲೆ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ ಇದ್ದರೆ ಅದು ನುಸಿ. ಒಣ ಸೆಕೆ ಅದಕ್ಕೆ ಹಬ್ಬ. ಬೆಳಗ್ಗೆ ಎಲೆ ಅಡಿಗೆ ನೀರು ಹೊಡೆಯುತ್ತಿದ್ದರೆ ಅರ್ಧ ಕಡಿಮೆಯಾಗುತ್ತದೆ.

ಒಂದು ವಾರ ಊರಿಗೆ ಹೋಗಬೇಕು, ಗಿಡ ಯಾರು ನೋಡುತ್ತಾರೆ?

ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವುದೇ ಉತ್ತಮ. ಅದಾಗದಿದ್ದರೆ ಹೊರುವಂಥ ಕುಂಡಗಳನ್ನೆಲ್ಲ ನೆರಳಿಗೆ ತಂದು ಒತ್ತಾಗಿ ಜೋಡಿಸಿ, ಬಲಿತ ಕಾಯಿ ಕೊಯ್ದು, ಚೆನ್ನಾಗಿ ನೀರುಣಿಸಿ, ಮೇಲೆ ಮುಚ್ಚಿಗೆ ಹಾಕಿ. ಮಧ್ಯೆ ಎತ್ತರದಲ್ಲಿ ನೀರು ತುಂಬಿದ ಬಕೆಟ್ ಇಟ್ಟು, ಹಳೇ ಹತ್ತಿ ಬಟ್ಟೆಯ ಬತ್ತಿ ಹೊಸೆದು, ಒಂದು ತುದಿ ನೀರಿನ ತಳಕ್ಕೆ, ಇನ್ನೊಂದು ತುದಿ ಮಣ್ಣಿನೊಳಗೆ. ಹೊರಡುವ ಮೂರು ದಿನ ಮೊದಲೇ ಮಾಡಿ ನೋಡಿ. ಬಕೆಟ್ಟನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ. ಕುಂಡದ ಕೆಳಗೆ ತಟ್ಟೆಯಲ್ಲಿ ನೀರು ನಿಲ್ಲಿಸಿ ಹೋಗಬೇಡಿ, ವಾರದಲ್ಲಿ ಡೆಂಗಿ ಸೊಳ್ಳೆ ಅಲ್ಲೇ ಸಂಸಾರ ಹೂಡಿರುತ್ತದೆ.

ನಾವು ಚಿತ್ರದುರ್ಗದವರು. ನಮಗೂ ಇದೇನಾ?

ಹೆಚ್ಚುಕಡಿಮೆ ಇದೇ. ನಿಮ್ಮಲ್ಲಿ ಗಾಳಿ ಜಾಸ್ತಿ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಗಾಳಿ ಎಲೆಯ ತೇವ ಹೀರುತ್ತದೆ, ಅದಕ್ಕೆ ಗಾಳಿ ಬರುವ ಕಡೆ ಬಲೆ ಅಡ್ಡ ಕಟ್ಟಿ. ಕೋಟೆ ಬದಿಯ ಮನೆಗಳಿಗೆ ಬಂಡೆ ಕಾದ ಬಿಸಿ ರಾತ್ರಿಯೂ ತಾಗುತ್ತದೆ. ಮತ್ತೆ ಕೋತಿ. ಅವಕ್ಕೆ ಬೆಂಡೆ, ಸೌತೆ ಇಷ್ಟ, ಮೆಣಸಿನಕಾಯಿ, ಪುದೀನ, ಹಾಗಲ ಅಷ್ಟು ಇಷ್ಟವಿಲ್ಲ. ಅದರ ಮೇಲೆ ನಿಮ್ಮ ತೋಟ ಯೋಚಿಸಿ.

ಮಳೆ ಶುರುವಾದಾಗ ಏನು ಮಾಡಬೇಕು?

ಭರಣಿ ಮಳೆ ಧರಣಿ ಬೆಳೆ ಅಂತಾರೆ, ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದ ತನಕ ಅದರ ದಾರಿ ಕಾಯಬಹುದು. ಆದರೆ ಈ ಮಳೆ ಆಲಿಕಲ್ಲು, ಗಾಳಿ ಎರಡನ್ನೂ ಜೊತೆಗೆ ತರುತ್ತದೆ. ಎತ್ತರದ ಗಿಡಗಳಿಗೆ ಕೋಲು ಕೊಟ್ಟು ಕಟ್ಟಿ, ಪ್ಯಾರಾಪೆಟ್ ಮೇಲಿನ ಕುಂಡಗಳನ್ನು ಕೆಳಗಿಳಿಸಿ. ರೋಹಿಣಿ ಮಳೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಒಂದು ಕಬ್ಬಿಣದ ಕಡ್ಡಿ ಹಿಡಿದು ಪ್ರತಿ ಕುಂಡದ ತೂತನ್ನೂ ಕೆಳಗಿನಿಂದ ಚುಚ್ಚಿ ಬಿಡಿಸಿ. ತಾರಸಿಯ ನೀರು ಹೋಗುವ ಪೈಪಿನ ಬಾಯಿಯನ್ನೂ ನೋಡಿ. ಹೋದ ವರ್ಷ ನಮ್ಮ ಮನೆಯಲ್ಲಿ ಅಲ್ಲಿ ಸಿಕ್ಕಿದ್ದು ಎರಡು ಬೊಗಸೆ ಭತ್ತದ ಹೊಟ್ಟು, ಅದರಲ್ಲೇ ಮೊಳೆತ ಒಂದು ದಂಟಿನ ಗಿಡ.